40 ಸಾವಿರದೊಳಗೆ ಹಳೇ ಸ್ವಿಸ್ ವಾಚು: ಫಳಫಳ ಹೊಳೆಯೋ ಡಯಲ್ ನಂಬಬಹುದಾ?

ಬಸವನಗುಡಿ ಹುಡುಗ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇದೇ ಮೊದಲ ಸಲ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ತಿಂಗಳಿಗೆ ಒಂದಿಷ್ಟು ಎತ್ತಿಟ್ಟು 40,000 ರೂಪಾಯಿ ಕೂಡಿಸಿದ್ದೇನೆ. ಒಂದು ಸ್ವಿಸ್ ವಾಚು ಬೇಕು. ಆಸೆಪಟ್ಟದ್ದು ಈ ದುಡ್ಡಿಗೆ ಹೊಸದಾಗಿ ಸಿಗುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಕೀ ಕೊಡುವುದೋ, ಕೈ ಅಲ್ಲಾಡಿದರೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ಕೋ ಯಾವುದಾದರೂ ಸರಿ, ಬ್ಯಾಟರಿ ವಾಚು ಬೇಡ.

ಮೂರು ಕಣ್ಣಿಗೆ ಬಿದ್ದಿವೆ. ಮೊದಲನೆಯದು ಫಾವ್ರ್ ಲೂಬಾ ಸೀ ಚೀಫ್. ಮುಂಬೈನವನು ಆನ್‌ಲೈನ್‌ನಲ್ಲಿ ಮಾರುತ್ತಿದ್ದಾನೆ. ಕಡು ನೀಲಿ ಡಯಲ್, ಕಿತ್ತಳೆ ಬಣ್ಣದ ಸೆಕೆಂಡ್ ಮುಳ್ಳು, ನಿನ್ನೆ ಫ್ಯಾಕ್ಟರಿಯಿಂದ ಬಂದ ಹಾಗಿದೆ. ಬೆಲೆ 6,500. ‘ಅರವತ್ತರ ದಶಕದ್ದು, ಒರಿಜಿನಲ್, ಫುಲ್ ಸರ್ವಿಸ್ ಆಗಿದೆ, ಮಿಂಟ್ ಕಂಡೀಷನ್’ ಅಂತ ಬರೆದಿದ್ದಾನೆ. ಎರಡನೆಯದು ಒಮೆಗಾ ಜೆನೀವ್, ಕೀ ಕೊಡುವುದು, ಇಲ್ಲೇ ಚಿಕ್ಕಪೇಟೆ ಕಡೆ ಒಂದು ಅಂಗಡಿಯಲ್ಲಿದೆ. 38,000. ಡಯಲ್ ಅಂಚಿನಲ್ಲಿ ಕಂದು ಚುಕ್ಕೆ ಬಂದಿದೆ, ಗಾಜಿನ ತುಂಬ ಗೀರು. ಮೂರನೆಯದು ಟಿಸ್ಸೋ ಲೆ ಲೋಕ್ಲ್ ಆಟೋಮ್ಯಾಟಿಕ್. ಐದು ವರ್ಷ ಹಳೆಯದು. ವೈಟ್‌ಫೀಲ್ಡ್‌ನ ಒಬ್ಬರು ಡಬ್ಬಿ, ಬಿಲ್ಲು ಸಮೇತ 24,000ಕ್ಕೆ ಕೊಡುತ್ತಾರಂತೆ.

ನನ್ನ ಮನಸ್ಸು ಮೊದಲನೆಯದರ ಮೇಲಿದೆ. ಅಷ್ಟು ಕಡಿಮೆಗೆ ಅಷ್ಟು ಚಂದದ್ದು! ತಪ್ಪೇನಾದರೂ ಮಾಡುತ್ತಿದ್ದೇನಾ?

ಗಂಟೆಮುಳ್ಳು, ಮೈಸೂರು

ಮಾಡುತ್ತಿದ್ದೀರಿ.

ಹೊಸಬ 99

ಸೀ ಚೀಫ್ ಫೋಟೊ ಹಾಕಿ ಗುರು.

ಗಂಟೆಮುಳ್ಳು, ಮೈಸೂರು

ಫೋಟೊ ಬೇಕಿಲ್ಲ, ಕಣ್ಣುಮುಚ್ಚಿಕೊಂಡೇ ಹೇಳಬಹುದು. ಅದು ‘ಬಾಂಬೆ ಸ್ಪೆಷಲ್’. ಹಳೇ ಡಯಲ್ ಕೆರೆದು, ಹೊಸ ಬಣ್ಣ ಬಳಿದು, ಹೆಸರನ್ನು ಮತ್ತೆ ಅಚ್ಚು ಹಾಕುತ್ತಾರೆ. ಕೇಸನ್ನು, ಅಂದರೆ ಹೊರಗಿನ ಲೋಹದ ಕವಚವನ್ನು, ಮೂಲೆ ಕರಗುವಷ್ಟು ಪಾಲಿಶ್ ಮಾಡುತ್ತಾರೆ. ಅರವತ್ತು ವರ್ಷ ಬೆವರು, ಮಳೆ, ಧೂಳು ಕಂಡ ವಾಚು ಮದುಮಗನ ಹಾಗೆ ಹೊಳೆಯುತ್ತದಾ ಸ್ವಾಮಿ? ಸೀ ಚೀಫ್, ಕ್ಯಾಮಿ, ಹೆನ್ರಿ ಸ್ಯಾಂಡೋಜ್, ಹಳೇ ಟಿಸ್ಸೋ, ಎಲ್ಲಕ್ಕೂ ಇದೇ ಗತಿ. ಸೀಕೋ 5, ಎಚ್‌ಎಂಟಿಯನ್ನೂ ಬಿಟ್ಟಿಲ್ಲ.

ಜಾಹೀರಾತಿನ ಫೋಟೊ ದೊಡ್ಡದು ಮಾಡಿ ನೋಡಿ. ಅಕ್ಷರದ ಅಂಚು ಚೂಪಾಗಿದೆಯಾ, ಬಣ್ಣ ಹರಡಿದೆಯಾ? ನಿಮಿಷದ ಗೆರೆಗಳು ಗಂಟೆ ಗುರುತಿನ ನೇರಕ್ಕೆ ಕೂತಿವೆಯಾ? ಕೆಳಗೆ 6ರ ಹತ್ತಿರ ‘ಸ್ವಿಸ್ ಮೇಡ್’ ಇದೆಯಾ? ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆ ಮುಟ್ಟಬೇಕು. ಮೋಟಾಗಿದ್ದರೆ ಅದು ಬೇರೆ ಯಾವುದೋ ವಾಚಿನ ಮುಳ್ಳು.

ಬಸವನಗುಡಿ ಹುಡುಗ

ಅಯ್ಯೋ. ಮುಳ್ಳು ಮೋಟು. ‘ಸ್ವಿಸ್ ಮೇಡ್’ ಇಲ್ಲವೇ ಇಲ್ಲ. ‘ವಾಟರ್‌ಪ್ರೂಫ್’ ಅಂತ ಮಾತ್ರ ದಪ್ಪಕ್ಷರದಲ್ಲಿ ಬರೆದಿದೆ.

ಕುಡ್ಲದ ಕಡಲು

ಆ ಮಾತು ನಂಬಬೇಡಿ ಮಾರಾಯ್ರೆ. ಕೈ ತೊಳೆಯುವಾಗಲೂ ಬಿಚ್ಚಿಡಿ.

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ಗಂಟೆಮುಳ್ಳು ಸರ್, ನೀವು ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ ರೀ. ನಮ್ಮ ಅಪ್ಪ ನಲವತ್ತು ವರ್ಷದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಾರೆ. ಎಂಬತ್ತರ ದಶಕದಲ್ಲಿ ಡಯಲ್‌ಗೆ ಬಣ್ಣ ಹಾಕಿಸುವುದು ಅಂದರೆ ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸಿದ ಹಾಗೆ. ಗಿರಾಕಿಯೇ ಕೇಳುತ್ತಿದ್ದ: ಮಗಳ ಮದುವೆ ಇದೆ, ಅಳಿಯನಿಗೆ ಹಾಕಬೇಕು, ಹೊಸದರ ಹಾಗೆ ಮಾಡಿಕೊಡಿ ಅಂತ. ಯಾರಿಗೂ ಅದು ಮೋಸ ಅನ್ನಿಸಿರಲಿಲ್ಲ. ವಾಚು ಇದ್ದದ್ದು ಟೈಮ್ ನೋಡುವುದಕ್ಕೆ. ಬಣ್ಣ ಹಾಕಿದ್ದೇನೆ ಅಂತ ಹೇಳಿ ಮಾರಿದರೆ ಏನು ತಪ್ಪು? ಒರಿಜಿನಲ್ ಅಂತ ಹೇಳಿ ಮಾರಿದರೆ ಅದು ಸುಳ್ಳು. ತಪ್ಪು ಬಣ್ಣದ್ದಲ್ಲ, ಬಾಯಿದು.

ನನಗೆ ಡಯಲ್‌ಗಿಂತ ಆ ‘ಫುಲ್ ಸರ್ವಿಸ್’ ಅನ್ನುವ ಮಾತಿನ ಮೇಲೆ ಅನುಮಾನ. ಸರ್ವಿಸ್ ಅಂದರೆ ಮೆಷಿನ್ ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಿ, ಸವೆದದ್ದನ್ನು ಬದಲಿಸಿ, ಒಂದೊಂದು ಜಾಗಕ್ಕೆ ಒಂದೊಂದು ಥರದ ಎಣ್ಣೆ ಹಾಕಿ ಮತ್ತೆ ಜೋಡಿಸುವುದು. ಅಪ್ಪನಿಗೆ ಒಂದು ವಾಚಿಗೆ ಮುಕ್ಕಾಲು ದಿನ ಹಿಡಿಯುತ್ತದೆ. 6,500ರಲ್ಲಿ ವಾಚು, ಬಣ್ಣ, ಪಾಲಿಶ್, ಗಾಜು, ಬೆಲ್ಟು, ಕೊರಿಯರ್ ಎಲ್ಲ ಆಗಿ, ಅದರ ಮೇಲೆ ಮುಕ್ಕಾಲು ದಿನದ ಕೂಲಿ ಯಾವ ಲೆಕ್ಕದಲ್ಲಿ ಬರುತ್ತದೆ? ಅಲ್ಲಿ ಸರ್ವಿಸ್ ಅಂದರೆ ಮುಚ್ಚಳ ತೆಗೆದು ಮೇಲಿಂದ ಎರಡು ಹನಿ ಬಿಡುವುದು. ಮೂರು ತಿಂಗಳು ಚೆನ್ನಾಗಿ ಓಡುತ್ತದೆ. ಆಮೇಲೆ ಧೂಳು, ಹಳೇ ಎಣ್ಣೆ, ಹೊಸ ಎಣ್ಣೆ ಎಲ್ಲ ಸೇರಿ ಬೆಲ್ಲದ ಪಾಕ.

ಗಂಟೆಮುಳ್ಳು, ಮೈಸೂರು

ಬಾಯಿ ತಪ್ಪು ಅಂತಾದರೂ ಒಪ್ಪಿದಿರಲ್ಲ, ಸಾಕು. ಆದರೆ ಕೆರೆದ ಡಯಲ್ ವಾಪಸ್ ಬರುವುದಿಲ್ಲ. ಸುಣ್ಣ ಪ್ರತಿ ವರ್ಷ ಹೊಡೆಯಬಹುದು, ಗೋಡೆ ಕೆಡವಿದರೆ?

ನಿವೃತ್ತ ಮೇಷ್ಟ್ರು

ಫಾವ್ರ್ ಲೂಬಾ ಹೆಸರು ಕೇಳಿ ಖುಷಿಯಾಯಿತು. ನಮ್ಮ ತಂದೆಯವರು ‘ಫೇವರ್ ಲೂಬ’ ಎನ್ನುತ್ತಿದ್ದರು, ಅದೇನೋ ಉಪಕಾರ ಮಾಡುವ ವಾಚು ಅಂತ ನಾನು ತುಂಬ ದಿನ ತಿಳಿದಿದ್ದೆ. 1737ರಲ್ಲಿ ಲೆ ಲೋಕ್ಲ್ ಎಂಬ ಊರಿನಲ್ಲಿ ಶುರುವಾದ ಹೆಸರು. 1865ರಲ್ಲೇ ಬಾಂಬೆಗೆ ಬಂದಿತ್ತು. ನಮ್ಮಲ್ಲಿ ಇಷ್ಟೊಂದು ಹಳೇ ಪೀಸುಗಳು ಸಿಗುವುದು ಅದಕ್ಕೇ. ಅರವತ್ತರ ದಶಕದಲ್ಲಿ ಎರಡು ಬ್ಯಾರೆಲ್ (ಸ್ಪ್ರಿಂಗ್ ಸುತ್ತಿಡುವ ಡಬ್ಬಿ) ಇರುವ ತೆಳ್ಳನೆಯ ಸ್ವಂತ ಮೆಷಿನ್ ಮಾಡಿದ್ದರು. ಎತ್ತರ ತೋರಿಸುವ ‘ಬಿವ್ವಾಕ್’ ಎಂಬ ಪರ್ವತಾರೋಹಿಗಳ ವಾಚೂ ಅವರದೇ, 1962ರದ್ದು. 2011ರಲ್ಲಿ ನಮ್ಮ ಟೈಟಾನ್‌ನವರು ಆ ಹೆಸರನ್ನು ಕೊಂಡಿದ್ದರು. ಆಮೇಲೆ ಅದು ಮತ್ತೆ ಕೈ ಬದಲಾಗಿ, 2024ರಲ್ಲಿ ಜಿನೀವಾದಲ್ಲಿ ಹೊಸ ವಾಚುಗಳ ಜೊತೆ ಮರಳಿ ಬಂತು.

ಇನ್ನೊಂದು ಹೆಸರು ಯಾರೂ ಹೇಳಲಿಲ್ಲ. ವೆಸ್ಟ್ ಎಂಡ್ ವಾಚ್ ಕಂಪನಿ. 1886ರಿಂದ ಇರುವುದು, ಸ್ವಿಸ್ ವಾಚನ್ನು ನಮ್ಮ ಕಡೆಯ ಮಾರುಕಟ್ಟೆಗೆಂದೇ ಮಾಡಿಸಿ ತಂದವರು. ಅದರ ‘ಸೋವಾರ್’ ಅಂದರೆ ನಮ್ಮ ಸವಾರ, ಕುದುರೆ ಪಡೆಯವನು. ಸೈನ್ಯದವರ, ರೈಲ್ವೆಯವರ ಮನೆಗಳಲ್ಲಿ ಈಗಲೂ ಸಿಗುತ್ತವೆ.

ಜಾಲಹಳ್ಳಿ ಜನತಾ

ಇಷ್ಟೆಲ್ಲ ತಲೆನೋವು ಯಾಕೆ? 40 ಸಾವಿರಕ್ಕೆ ಒಂದು ಟ್ರೇ ತುಂಬ ಎಚ್‌ಎಂಟಿ ಬರುತ್ತದೆ. 1961ರಲ್ಲಿ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಲ್ಲೇ ಶುರುವಾಯಿತು. ಜನತಾ, ಪೈಲಟ್, 17 ಜ್ಯುವೆಲ್, ಬಗ್ಗಿದರೂ ಮುರಿಯುವುದಿಲ್ಲ. ರಿಪೇರಿ ಮಾಡುವವರು ಪ್ರತಿ ತಾಲ್ಲೂಕಿನಲ್ಲಿದ್ದಾರೆ.

ಗಂಟೆಮುಳ್ಳು, ಮೈಸೂರು

ಅವರು ಕೇಳಿದ್ದು ಸ್ವಿಸ್.

ಜಾಲಹಳ್ಳಿ ಜನತಾ

ಹೋಟೆಲಲ್ಲಿ ಪಿಜ್ಜಾ ಕೇಳಿದವನಿಗೂ ಮಸಾಲೆ ದೋಸೆ ಚೆನ್ನಾಗಿದೆ ಅಂತ ಹೇಳುವುದು ನನ್ನ ಧರ್ಮ.

ಹೊಸಬ 99

17 ಜ್ಯುವೆಲ್ ಅಂದರೆ ಒಳಗೆ 17 ಮಾಣಿಕ್ಯ ಇರುತ್ತದಾ? ಹಾಗಾದರೆ ಕೆಟ್ಟ ವಾಚನ್ನೂ ಒಡೆದು ಮಾರಬಹುದಲ್ವಾ 😀

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ಮಾಣಿಕ್ಯವೇ, ಆದರೆ ಕುಲುಮೆಯಲ್ಲಿ ಮಾಡಿದ ಕೃತಕ ಕಲ್ಲು. ಸಾಸಿವೆಗಿಂತ ಚಿಕ್ಕದು. ಚಕ್ರದ ಅಚ್ಚು ಸವೆಯದ ಹಾಗೆ ಅದರೊಳಗೆ ತಿರುಗುತ್ತದೆ. ಮಾರಿದರೆ ಒಂದು ಚಹಾ ಕೂಡ ಬರುವುದಿಲ್ಲ. ಬರೀ ಟೈಮ್ ತೋರಿಸುವ ಕೀ ವಾಚಿಗೆ 17 ಸಾಕು. ಡಯಲ್ ಮೇಲೆ 64, 100 ಅಂತ ದೊಡ್ಡದಾಗಿ ಬರೆದುಕೊಂಡ ಹಳೇ ವಾಚುಗಳಿವೆ. ಸುಮ್ನೆ ಡೌಲು.

ಲೆಕ್ಕದವನು

ಯಾರೂ ದುಡ್ಡಿನ ಮಾತಾಡುತ್ತಿಲ್ಲ. ಬೆಲೆ ಅಂದರೆ ಚೀಟಿಯಲ್ಲಿ ಬರೆದದ್ದಲ್ಲ, ಕೈಗೆ ಕಟ್ಟಿ ಒಂದು ವರ್ಷ ಓಡಿಸಿದ ಮೇಲೆ ಆದ ಖರ್ಚು. ನಾನು ಮೂರು ವರ್ಷದ ಹಿಂದೆ 14,000ಕ್ಕೆ ಹಳೇ ಆಟೋಮ್ಯಾಟಿಕ್ ತೆಗೆದುಕೊಂಡೆ. ಸರ್ವಿಸ್ 3,500, ಗಾಜು 400, ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ಹೊರಗಿಂದ ತರಿಸಿದ್ದಕ್ಕೆ 1,800, ಬೆಲ್ಟು 900. ಆರು ತಿಂಗಳಿಗೆ ತಾರೀಖು ಬದಲಾಗುವುದು ನಿಂತಿತು, ಮತ್ತೆ 1,500. ಒಟ್ಟು 22,100. ಹಾಗಾಗಿ 38,000ದ ಒಮೆಗಾ ನಿಮ್ಮ ಬಜೆಟ್ಟಿನೊಳಗೆ ಇಲ್ಲ. ಇದೆ ಅಂತ ನಿಮಗೆ ಅನ್ನಿಸುತ್ತಿದೆ ಅಷ್ಟೇ.

ಹೊರದೇಶದಿಂದ ತರಿಸುವ ಯೋಚನೆ ಇದ್ದರೆ ಅದನ್ನೂ ಕೇಳಿ. ಜರ್ಮನಿಯಿಂದ ಒಂದು ಹಳೇ ಟಿಸ್ಸೋ ತರಿಸಿದ್ದೆ. 18,000 ಅಂತ ಕುಣಿದೆ. ಸುಂಕ, ಅದರ ಮೇಲೆ ಸರ್‌ಚಾರ್ಜ್, ಎಲ್ಲದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಹ್ಯಾಂಡ್ಲಿಂಗ್ ಚಾರ್ಜ್. ಮನೆಗೆ ಬರುವಾಗ 27,000 ದಾಟಿತ್ತು. ಹೆಂಡತಿಗೆ ಇನ್ನೂ 18,000 ಅಂತಲೇ ಗೊತ್ತಿರುವುದು.

ಹೊಸಬ 99

ಸ್ವಿಟ್ಜರ್ಲೆಂಡ್ ಜೊತೆ ಒಪ್ಪಂದ ಆಗಿದೆಯಲ್ಲ ಗುರು, ವಾಚಿಗೆ ಸುಂಕ ಇಲ್ಲವಂತೆ?

ಲೆಕ್ಕದವನು

ಇಲ್ಲ ಅಲ್ಲ, ಹಂತ ಹಂತವಾಗಿ ಇಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಸಹಿ ಆಯಿತು, 2025ರ ಅಕ್ಟೋಬರ್ 1ರಿಂದ ಜಾರಿ. ಆ ರಿಯಾಯಿತಿ ಸಿಗಬೇಕಾದರೆ ಸ್ವಿಸ್ ಮೂಲದ್ದು ಅನ್ನುವುದಕ್ಕೆ ಕಾಗದ ಬೇಕು. ಯಾರದೋ ಅಟ್ಟದಿಂದ ಇಳಿದ ಅರವತ್ತರ ದಶಕದ ವಾಚಿಗೆ ಆ ಕಾಗದ ಯಾರು ಕೊಡುತ್ತಾರೆ?

ಆಲ್ಪ್ಸ್ ಅಡ್ಡಾ, ಜೂರಿಕ್

ಇಲ್ಲಿಂದ ಒಂದು ಮಾತು. ನಾನು ಮೂಲತಃ ಹಾಸನದವನು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಊರಿನವರೆಲ್ಲ ‘ನಿಮ್ಮಲ್ಲಿ ವಾಚು ಕಡಿಮೆಗೆ ಸಿಗುತ್ತದಲ್ವಾ’ ಅಂತ ಕೇಳುತ್ತಾರೆ. ಹೊಸದು ಅಂಥಾ ಕಡಿಮೆ ಏನಲ್ಲ. ಆದರೆ ಹಳೆಯದರಲ್ಲಿ ಒಂದು ವಿಚಿತ್ರ ಇದೆ. ಇಲ್ಲಿ ಕೂಲಿ ಎಷ್ಟು ದುಬಾರಿ ಅಂದರೆ, ಸಾಧಾರಣ ಹಳೇ ವಾಚಿನ ಬೆಲೆಗಿಂತ ಅದರ ಸರ್ವಿಸ್ ಖರ್ಚೇ ಜಾಸ್ತಿ. ಹಾಗಾಗಿ ಅಜ್ಜ ತೀರಿಹೋದ ಮೇಲೆ ಮನೆಯವರು ಹಾಗೇ ಕೊಟ್ಟುಬಿಡುತ್ತಾರೆ. ಜೂರಿಕ್‌ನ ಬ್ಯುರ್ಕ್ಲಿಪ್ಲಾಟ್ಸ್‌ನಲ್ಲಿ ಬೇಸಿಗೆಯ ಶನಿವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಜಿನೀವಾದ ಪ್ಲೆನ್‌ಪಾಲೆ ಮೈದಾನದಲ್ಲಿ ಬುಧವಾರ, ಶನಿವಾರ. ಅಲ್ಲಿ ತಟ್ಟೆಯಲ್ಲಿ ರಾಶಿ ಹಾಕಿರುತ್ತಾರೆ. ಗಾಜು ಮಬ್ಬು, ಡಯಲ್ ಕೊಳೆ, ಆದರೆ ಯಾರೂ ಕೈ ಹಾಕಿರುವುದಿಲ್ಲ. ಅಂಥದ್ದನ್ನು ತಂದು ಊರಲ್ಲಿ ಒಳ್ಳೆ ಕೈಯಲ್ಲಿ ಸರ್ವಿಸ್ ಮಾಡಿಸುವುದು ನನ್ನ ದಾರಿ.

ಒಂದು ಭಾನುವಾರ ಲ ಶೋ ದ ಫೋಂಗೆ ಹೋಗಿದ್ದೆ. ಊರಿಗೆ ಊರೇ ವಾಚಿಗಾಗಿ ಕಟ್ಟಿದ್ದು. ಬೆಳಕು ಬೀಳಲಿ ಅಂತ ಮನೆಗಳಿಗೆ ಉದ್ದುದ್ದ ಕಿಟಕಿ ಸಾಲು. 2009ರಲ್ಲಿ ಅದನ್ನೂ ಪಕ್ಕದ ಲೆ ಲೋಕ್ಲನ್ನೂ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ಗಡಿಯಾರ ಮ್ಯೂಸಿಯಂ ನೋಡಿಕೊಂಡು ಹೊರಬಂದಾಗ ನನ್ನ ಕೈಯಲ್ಲಿದ್ದದ್ದು ಕ್ಯಾಸಿಯೊ.

ಮಲೆನಾಡ ಮಳೆ

ಎಲ್ಲರೂ ಒರಿಜಿನಲ್ ಡುಪ್ಲಿಕೇಟ್ ಅಂತ ಜಗಳ ಆಡುತ್ತಿದ್ದೀರಿ, ಅಳತೆ ಕೇಳುವವರೇ ಇಲ್ಲ. ಅರವತ್ತರ ದಶಕದ ಗಂಡಸರ ವಾಚು 34, 35 ಮಿಲಿಮೀಟರ್ ಇರುತ್ತದೆ. ಈಗ 42ರ ವಾಚು ಕಟ್ಟಿ ರೂಢಿಯಾದವರು ಮನೆಗೆ ತಂದು ‘ಇದು ಹೆಂಗಸರ ವಾಚು’ ಅಂತ ಬೇಸರ ಮಾಡಿಕೊಳ್ಳುತ್ತಾರೆ. ನನ್ನ ತಮ್ಮ ಹಾಗೆ ಬೇಸರ ಮಾಡಿಕೊಂಡ ಎರಡು ವಾಚು ಈಗ ನನ್ನ ಕೈಯಲ್ಲಿವೆ. ಬೇಸರ ಮುಂದುವರಿಯಲಿ.

ಗಂಟೆಮುಳ್ಳು, ಮೈಸೂರು

ಮೇಡಂ, ಹೆಂಗಸರ ಹಳೇ ಸ್ವಿಸ್ ವಾಚುಗಳು ಅದಕ್ಕಿಂತ ಕಡಿಮೆಗೆ ಸಿಗುತ್ತವಲ್ಲ, ಅದನ್ನು ಯಾಕೆ ತೆಗೆದುಕೊಳ್ಳುವುದಿಲ್ಲ?

ಮಲೆನಾಡ ಮಳೆ

ತೆಗೆದುಕೊಂಡಿದ್ದೆ. ಮೆಷಿನ್ ನನ್ನ ಕಿರುಬೆರಳಿನ ಉಗುರಿನಷ್ಟು. ಶಿವಮೊಗ್ಗದಲ್ಲಿ ಮೂರು ಅಂಗಡಿಯವರು ನೋಡಿ ಕೈ ಮುಗಿದರು. ಕಡಿಮೆಗೆ ಸಿಗುವುದು ಅದಕ್ಕೇ.

ಕುಡ್ಲದ ಕಡಲು

ನಮ್ಮ ಕಡೆ ಸ್ವಿಸ್ ಅಂದರೆ ರಾಡೋ. ಗಲ್ಫ್‌ನಿಂದ ಬಂದವರ ಕೈಯಲ್ಲಿ ಡಯಾಸ್ಟಾರ್ ಇರಲೇಬೇಕಿತ್ತು. 1962ರಲ್ಲಿ ಬಂದ ಮಾಡೆಲ್, ಗೀರು ಬೀಳದ ಗಟ್ಟಿ ಲೋಹ. ಮದುವೆ ಮನೆಯಲ್ಲಿ ಅಂಗಿ ತೋಳು ಮಡಚಿ ಬಡಿಸುತ್ತಿದ್ದ ಮಾಮಂದಿರು ನೆನಪಾಗುತ್ತಾರೆ. ಆಟೋಮ್ಯಾಟಿಕ್ ರಾಡೋದಲ್ಲಿ 12ರ ಕೆಳಗೆ ಒಂದು ಸಣ್ಣ ಲಂಗರು ಇರುತ್ತದೆ. ವಾಚು ಅಲ್ಲಾಡಿಸಿದರೆ ಅದು ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಸರ್ವಿಸ್‌ಗೆ ಬಂದಿದೆ ಅಂತ. ಅಂಟಿಸಿಯೇ ಇದ್ದರೆ ಡುಪ್ಲಿಕೇಟ್ ಅಂತ ಅನುಮಾನ ಪಡಿ. ನಕಲಿ ರಾಡೋ ಎಷ್ಟಿದೆ ಅಂದರೆ ನಮ್ಮ ಚಿಕ್ಕಪ್ಪನ ಹತ್ತಿರ ಎರಡಿದ್ದವು, ಎರಡೂ ನಕಲಿ. ದುಬೈಗೆ ಅವರು ಹೋಗಿದ್ದು ಮಾತ್ರ ಅಸಲಿ.

ಇನ್ನೊಂದು. ಕರಾವಳಿಯವರು ಚಿನ್ನದ ಲೇಪದ ಹಳೇ ಕೇಸ್ ತೆಗೆದುಕೊಳ್ಳಬೇಡಿ. ಉಪ್ಪು ಗಾಳಿ, ಬೆವರು. ‘20 ಮೈಕ್ರಾನ್’ ಅಂತ ಬರೆದಿದ್ದರೂ ಬೆಲ್ಟು ಕೂರುವ ಕಿವಿಯ ಹತ್ತಿರ ಮೊದಲು ಸವೆದು ಒಳಗಿನ ಹಿತ್ತಾಳೆ ಕಾಣುತ್ತದೆ. ಬೆನ್ನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತಿದ್ದರೆ ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಅಲ್ಲ. ಈ ‘ಬ್ಯಾಕ್’ ಅನ್ನುವ ಒಂದು ಪದ ಓದದೆ ನಾನು 5,000 ಕಳೆದುಕೊಂಡೆ.

ಬಸವನಗುಡಿ ಹುಡುಗ

ಸರಿ, ಸೀ ಚೀಫ್ ಬಿಟ್ಟೆ. ಒಮೆಗಾ ನೋಡಲು ಶನಿವಾರ ಹೋಗುತ್ತಿದ್ದೇನೆ. ಅಂಗಡಿಯಲ್ಲಿ ಏನು ಕೇಳಬೇಕು?

ಗಂಟೆಮುಳ್ಳು, ಮೈಸೂರು

ಮೊದಲು ಮುಚ್ಚಳ ತೆಗೆಯಿರಿ ಅನ್ನಿ. ಮುಖ ಗಂಟು ಹಾಕಿದರೆ ಎದ್ದು ಬನ್ನಿ, ಕಾಫಿ ಕುಡಿದು ಮನೆಗೆ ಹೋಗಿ. ತೆಗೆದರೆ ಮೂರು ನೋಡಿ. ಮೆಷಿನ್ ತಾಮ್ರದ ಬಣ್ಣ ಇರಬೇಕು, ಆ ಕಾಲದ ಒಮೆಗಾದ ಗುರುತು ಅದು. ಅದರ ಮೇಲೆ ಒಮೆಗಾ ಹೆಸರು, ಕ್ಯಾಲಿಬರ್ ಸಂಖ್ಯೆ (ಮೆಷಿನ್ ಯಾವ ಮಾದರಿ ಅನ್ನುವ ನಂಬರ್), ಸೀರಿಯಲ್ ನಂಬರ್ ಇರಬೇಕು. ಕೀ ಕೊಡುವ ಜೆನೀವ್‌ನಲ್ಲಿ ಸಾಮಾನ್ಯವಾಗಿ 601 ಇರುತ್ತದೆ. ಮುಚ್ಚಳದ ಒಳಮೈಯಲ್ಲೂ ಒಮೆಗಾ ಮುದ್ರೆ, ಕೇಸ್ ನಂಬರ್ ಇರಬೇಕು. ಕೇಸು, ಮೆಷಿನ್ ಎರಡೂ ಒಂದೇ ಕಾಲದ್ದಾ ಅಂತ ಆ ನಂಬರ್‌ಗಳಿಂದ ಗೊತ್ತಾಗುತ್ತದೆ. ಹಳೇ ಪ್ಲಾಸ್ಟಿಕ್ ಗಾಜಿನ ನಟ್ಟನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಒಮೆಗಾ ಚಿಹ್ನೆ ಕೊರೆದಿರುತ್ತಾರೆ. ಅದಿದ್ದರೆ ಸಂತೋಷ. ಇಲ್ಲದಿದ್ದರೆ ಗಾಜು ಬದಲಾಗಿರಬಹುದು, ಅದು ದೊಡ್ಡ ವಿಷಯವಲ್ಲ.

ಕಂದು ಚುಕ್ಕೆ ನೋಡಿ ಹೆದರಬೇಡಿ. ನನಗೆ ಆ ಚುಕ್ಕೆಯೇ ಧೈರ್ಯ ಕೊಡುತ್ತದೆ.

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ಅಂಗಡಿಯಲ್ಲಿ ಟೈಮ್‌ಗ್ರಾಫರ್, ಅಂದರೆ ವಾಚಿನ ಓಟ ಅಳೆಯುವ ಯಂತ್ರ, ಇದ್ದರೆ ಅದರ ಮೇಲೆ ಇಡಿಸಿ. ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆಮುಂದೆ ಅಂತ ಎಲ್ಲರೂ ನೋಡುತ್ತಾರೆ. ಅದನ್ನು ಒಂದು ಸಣ್ಣ ಕಡ್ಡಿ ಸರಿಸಿ ಯಾರು ಬೇಕಾದರೂ ಸರಿ ತೋರಿಸಬಹುದು. ನೀವು ಆಂಪ್ಲಿಟ್ಯೂಡ್ ನೋಡಿ. ಬ್ಯಾಲೆನ್ಸ್ ಚಕ್ರ ಎಷ್ಟು ಅಗಲಕ್ಕೆ ತೂಗುತ್ತದೆ ಅನ್ನುವ ಲೆಕ್ಕ. ಪೂರ್ತಿ ಕೀ ಕೊಟ್ಟು ಮಲಗಿಸಿಟ್ಟಾಗ 270 ಡಿಗ್ರಿಯ ಆಸುಪಾಸು ಇದ್ದರೆ ಆರೋಗ್ಯ. 200ರ ಕೆಳಗೆ ಇದ್ದರೆ ಎಣ್ಣೆ ಒಣಗಿದೆ, ಸರ್ವಿಸ್ ಆಗಿದೆ ಅನ್ನುವ ಮಾತು ಸುಳ್ಳು. ಮಲಗಿಸಿಯೂ ನಿಲ್ಲಿಸಿಯೂ ನೋಡಿ.

ವಾಚು ವಿಪರೀತ ಮುಂದೆ ಓಡುತ್ತಿದ್ದರೆ ಮಾತ್ರ ತಕ್ಷಣ ಬಿಟ್ಟುಬರಬೇಡಿ. ಕಳೆದ ತಿಂಗಳು ಒಬ್ಬರು ದಿನಕ್ಕೆ ಹತ್ತು ನಿಮಿಷ ಮುಂದೆ ಓಡುವ ಲಾಂಜೀನ್ಸ್ ತಂದಿದ್ದರು. ಬೇರೆ ಕಡೆ 4,000 ಕೇಳಿದ್ದರಂತೆ. ರಾತ್ರಿ ಹೊತ್ತು ಸ್ಪೀಕರ್ ಮೇಲೆ ಇಡುತ್ತಿದ್ದರು. ಅಯಸ್ಕಾಂತ ಹಿಡಿದಿತ್ತು, ಅಷ್ಟೇ. ಅಪ್ಪ ಅಯಸ್ಕಾಂತ ಬಿಡಿಸುವ ಯಂತ್ರದ ಮೇಲೆ ಒಂದು ಸಲ ಆಡಿಸಿ 50 ರೂಪಾಯಿ ತೆಗೆದುಕೊಂಡರು.

ಮಲೆನಾಡ ಮಳೆ

ಲಾಂಜೀನ್ಸ್ ಅಂದಾಗ ನೆನಪಾಯಿತು. ಸೀರಿಯಲ್ ನಂಬರ್, ಫೋಟೊ ಕಳಿಸಿದರೆ ಕಂಪನಿಯವರೇ ಹಳೇ ದಾಖಲೆ ಪುಸ್ತಕ ನೋಡಿ ಹೇಳುತ್ತಾರೆ. ನನ್ನದು ಯಾವ ವರ್ಷ ಯಾವ ದೇಶಕ್ಕೆ ಹೋಗಿತ್ತು ಅಂತ ಬರೆದು ಕಳಿಸಿದ್ದರು. ವಾಚಿನ ಜಾತಕ ಇದ್ದ ಹಾಗೆ. ಅದಕ್ಕೇ ಹೊಸಬರಿಗೆ ನಾನು ಲಾಂಜೀನ್ಸ್ ಹೇಳುವುದು.

ಲೆಕ್ಕದವನು

ಜಾತಕ ನೋಡಿಯೂ ಕೆಟ್ಟವರಿದ್ದಾರೆ. 2021ರಲ್ಲಿ ಜಿನೀವಾದಲ್ಲಿ ಒಂದು ಹಳೇ ಒಮೆಗಾ ಸ್ಪೀಡ್‌ಮಾಸ್ಟರ್ 30 ಲಕ್ಷ ಫ್ರಾಂಕ್‌ಗೂ ಜಾಸ್ತಿ ಬೆಲೆಗೆ ಹರಾಜಾಯಿತು. ಅದು ಬೇರೆ ಬೇರೆ ವಾಚಿನ ಭಾಗ ಜೋಡಿಸಿ ಮಾಡಿದ್ದು ಅಂತ 2023ರಲ್ಲಿ ಒಮೆಗಾದವರೇ ಹೇಳಿದರು. ತಮಾಷೆ ಏನು ಗೊತ್ತಾ? ಹರಾಜಿನಲ್ಲಿ ಕೊಂಡಿದ್ದವರೂ ಒಮೆಗಾದವರೇ, ತಮ್ಮ ಮ್ಯೂಸಿಯಂಗೆ.

ಜಾಲಹಳ್ಳಿ ಜನತಾ

ಅಂದರೆ ಅದು ಜಿನೀವಾ ಸ್ಪೆಷಲ್.

ಹೊಸಬ 99

😂😂

ನಿವೃತ್ತ ಮೇಷ್ಟ್ರು

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ತುಂಬ ಹಳೇ ವಾಚಿನಲ್ಲಿ ಕತ್ತಲಲ್ಲಿ ಹೊಳೆಯುತ್ತಿದ್ದ ಬಣ್ಣ ರೇಡಿಯಂ. ಹೊಳಪು ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ನೀವೇ ಮುಚ್ಚಳ ತೆಗೆದು ಉಗುರಿನಿಂದ ಕೆರೆಯಬೇಡಿ, ಊದಬೇಡಿ. ಅರವತ್ತರ ದಶಕದಿಂದ ಟ್ರಿಟಿಯಂ ಬಂತು. ಡಯಲ್ ಕೆಳಗೆ ‘ಟಿ ಸ್ವಿಸ್ ಮೇಡ್ ಟಿ’ ಅಂತಿದ್ದರೆ ಅದು. ಅದರ ಅರ್ಧಾಯುಷ್ಯ ಹನ್ನೆರಡು ವರ್ಷದ ಚಿಲ್ಲರೆ, ಈಗ ಮಂಕಾಗಿರಲೇಬೇಕು. ಟ್ರಿಟಿಯಂ ಡಯಲ್ ಕತ್ತಲಲ್ಲಿ ಮಿಂಚುಹುಳದ ಹಾಗೆ ಉರಿದರೆ ಯಾರೋ ಹೊಸದಾಗಿ ಬಳಿದಿದ್ದಾರೆ.

ಕ್ಯಾಮಿ, ಸ್ಯಾಂಡೋಜ್ ಅಂತ ಆಡಿಕೊಳ್ಳುವವರಿಗೂ ಒಂದು ಮಾತು. ಆಗ ಸ್ವಿಸ್‌ನಲ್ಲಿ ಸಣ್ಣಪುಟ್ಟ ಕಂಪನಿ ನೂರಾರು. ಹೆಸರು ಬೇರೆ, ಒಳಗೆ ಎಫ್‌ಎಚ್‌ಎಫ್, ಎಎಸ್, ಇಟಿಎಯಂಥ ಕಾರ್ಖಾನೆಗಳ ಮೆಷಿನ್. 1969ರ ಡಿಸೆಂಬರ್ 25ಕ್ಕೆ ಸೀಕೋ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಸ್ ವಾಚು ತಂದಿತು. ಮುಂದಿನ ಹದಿನೈದು ವರ್ಷದಲ್ಲಿ ಸ್ವಿಸ್ ವಾಚು ಕೆಲಸಗಾರರಲ್ಲಿ ಉಳಿದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಹೆಸರುಗಳು ಸತ್ತವು, ಮೆಷಿನ್‌ಗಳು ಉಳಿದವು. ಅದಕ್ಕೇ ಅನಾಥ ಹೆಸರಿನ ವಾಚು ಕಡಿಮೆಗೆ ಸಿಗುತ್ತದೆ, ಬಿಡಿಭಾಗವೂ ಒಂದರದ್ದು ಇನ್ನೊಂದಕ್ಕೆ ಆಗುತ್ತದೆ. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಒಳ್ಳೆ ಜಾಗ ಯಾವುದು?

ಗಂಟೆಮುಳ್ಳು, ಮೈಸೂರು

ಒಪ್ಪಿದೆ ಮೇಷ್ಟ್ರೇ. ಡಯಲ್ ಕೆರೆಯದಿದ್ದರೆ.

ಬಸವನಗುಡಿ ಹುಡುಗ

ಹೋಗಿ ಬಂದೆ. ಅಂಗಡಿಯವರು ಮುಖ ಗಂಟು ಹಾಕಲಿಲ್ಲ, ಕಾಫಿ ತರಿಸಿದರು. ಮುಚ್ಚಳ ತೆಗೆದರು. ಮೆಷಿನ್ ತಾಮ್ರದ ಬಣ್ಣ, 601, ಸೀರಿಯಲ್ ನಂಬರ್ ಎಲ್ಲ ಇತ್ತು. ಕೈ ನಡುಗಿತು, ನಿಜ ಹೇಳುತ್ತೇನೆ. ಆಮೇಲೆ ಮುಚ್ಚಳ ತಿರುಗಿಸಿ ನೋಡಿದೆ. ಒಳಮೈ ನುಣ್ಣಗಿದೆ. ಮುದ್ರೆ ಇಲ್ಲ, ನಂಬರ್ ಇಲ್ಲ, ಏನೂ ಇಲ್ಲ. ಕೇಳಿದರೆ ‘ಹಳೇ ಮಾಲು ಸಾರ್, ಸವೆದಿರುತ್ತೆ’ ಅಂದರು.

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ಮುಚ್ಚಳದ ಒಳಗಡೆ ಯಾರು ಉಜ್ಜುತ್ತಾರೆ ರೀ ಸವೆಯುವುದಕ್ಕೆ? ಕೇಸ್ ಇಲ್ಲೇ ಮಾಡಿಸಿದ್ದು. ಮೆಷಿನ್ ಅಸಲಿ, ಮನೆ ಬಾಡಿಗೆಯದ್ದು.

ಬಸವನಗುಡಿ ಹುಡುಗ

ನಾನೂ ಹಾಗೇ ಅಂದುಕೊಂಡೆ. ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದುಬಂದೆ. ಉಳಿದದ್ದು ಟಿಸ್ಸೋ. ಇದರಲ್ಲೂ ತಪ್ಪು ಹುಡುಕುತ್ತೀರಾ?

ಗಂಟೆಮುಳ್ಳು, ಮೈಸೂರು

ಹುಡುಕದೆ ಇರುತ್ತೇನಾ? ಒಳಗಿರುವುದು ಪವರ್‌ಮ್ಯಾಟಿಕ್ 80 ಅನ್ನುವ ಮೆಷಿನ್. ಇಟಿಎಯ ಹಳೇ 2824 ಮೆಷಿನ್ ಆಗಿದ್ದರೆ ಯಾವ ಊರಲ್ಲಾದರೂ ಬಿಚ್ಚಬಹುದಿತ್ತು. ಇದರಲ್ಲಿ ವೇಗ ಸರಿಮಾಡುವ ಆ ಸಣ್ಣ ಕಡ್ಡಿಯೇ ಇಲ್ಲ, ಕೆಲವು ಮಾದರಿಯಲ್ಲಿ ಒಳಗಿನ ಮುಖ್ಯ ಭಾಗ ಪ್ಲಾಸ್ಟಿಕ್ಕು. ಕಂಪನಿ ಸರ್ವಿಸ್ ಸೆಂಟರ್ ಬಿಟ್ಟರೆ ಗತಿ ಇಲ್ಲ.

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ಪ್ಲಾಸ್ಟಿಕ್ ಅಂತ ಹೀಯಾಳಿಸಬೇಡಿ, ಅದಕ್ಕೆ ಎಣ್ಣೆಯ ಹಂಗು ಕಡಿಮೆ. 80 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಗ್ಗೆಯೂ ನಡೆಯುತ್ತಿರುತ್ತದೆ. 2824 ಭಾನುವಾರ ಬೆಳಗ್ಗೆಯೇ ಮಲಗಿರುತ್ತಿತ್ತು. ಮೊದಲನೇ ವಾಚಿಗೆ ಇದಕ್ಕಿಂತ ನೆಮ್ಮದಿ ಯಾವುದಿದೆ? ಬಿಲ್ಲಿನ ಮೇಲಿರುವ ಸೀರಿಯಲ್ ನಂಬರ್, ವಾಚಿನ ಬೆನ್ನಿನ ನಂಬರ್ ಎರಡೂ ಒಂದೇನಾ ನೋಡಿ, ಮಾರುವವರ ಗುರುತಿನ ಚೀಟಿ ಕೇಳಿ, ಮುಗಿಯಿತು. ಕದ್ದ ಮಾಲು ಕೈಗೆ ಬರಬಾರದು.

ಲೆಕ್ಕದವನು

24ಕ್ಕೆ ಕೊಡಬೇಡಿ. 22 ಅಂತ ಶುರು ಮಾಡಿ.

ಬಸವನಗುಡಿ ಹುಡುಗ

22,500ಕ್ಕೆ ಆಯಿತು! ನಂಬರ್ ಎಲ್ಲ ತಾಳೆಯಾಯಿತು. ಮಾರಿದವರು ಒಳ್ಳೆಯವರು, ಸ್ಮಾರ್ಟ್ ವಾಚಿಗೆ ಹೋಗುತ್ತಿದ್ದಾರಂತೆ. ಹೋಗಲಿ ಪಾಪ. ಉಳಿದ 17,500ರಲ್ಲಿ ಮೇಷ್ಟ್ರು ಹೇಳಿದ ಸೋವಾರ್ ನಿಧಾನಕ್ಕೆ ಹುಡುಕುತ್ತೇನೆ.

ಗಂಟೆಮುಳ್ಳು, ಮೈಸೂರು

ಅಭಿನಂದನೆ. ಅಂದ ಹಾಗೆ ಆ ನೀಲಿ ಸೀ ಚೀಫ್ ಇನ್ನೂ ಮಾರಾಟಕ್ಕಿದೆಯಾ? ಲಿಂಕ್ ಇದ್ದರೆ ಕಳಿಸಿ. ಒಳಗಿನ ಮೆಷಿನ್‌ಗಾಗಿ ಕೇಳುತ್ತಿದ್ದೇನೆ, ಬಿಡಿಭಾಗಕ್ಕೆ.

ಮಲೆನಾಡ ಮಳೆ

ಬಿಡಿಭಾಗಕ್ಕೆ. ಸರಿ ಸರಿ.

ರಿಪೇರಿ ಅಂಗಡಿ ಮಗ, ಹುಬ್ಬಳ್ಳಿ

ತಡವಾಯಿತು ಸರ್. ನೀಲಿ ಬಣ್ಣ ಅಪ್ಪನಿಗೆ ಹಿಡಿಸಿಬಿಟ್ಟಿತು, ಮೊನ್ನೆಯೇ ಹುಬ್ಬಳ್ಳಿಗೆ ಬಂತು. ಮುಚ್ಚಳ ತೆಗೆದು ಐದು ನಿಮಿಷ ನಕ್ಕರು. ಒಳಗೆ ಇರುವುದು ಎಚ್‌ಎಂಟಿ ಮೆಷಿನ್.

ಜಾಲಹಳ್ಳಿ ಜನತಾ

ಹಾಗಾದರೆ ಟೈಮ್ ಸರಿಯಾಗಿ ತೋರಿಸುತ್ತಿರಬೇಕಲ್ವಾ?